ದಪ್ಪಗಿರಲಿ ಬಿಡೋ

ಚಿಕ್ಕಪ್ಪನ ಮಗಳ ಲಗ್ನಪತ್ರಿಕೆಯ ಪ್ರೂಫ್ ನೋಡುವ ಕೆಲಸ ನನ್ನ ತಲೆಗೆ ಕಟ್ಟಿದರು. ಮೈಸೂರಿನ ಅಶೋಕ ರಸ್ತೆ ಪಕ್ಕದ ಸಂದಿಯ ಡಿಟಿಪಿ ಅಂಗಡಿಯಲ್ಲಿ ಹಾಳೆ ಕೈಗೆ ಬಂತು. ಗಣಪತಿ ಶ್ಲೋಕದಿಂದ ಛತ್ರದ ವಿಳಾಸದ ತನಕ ಒಂದಕ್ಷರ ಬಿಡದೆ ದಪ್ಪನೆಯ ಬೋಲ್ಡು, ಅದರ ಮೇಲೆ ಓರೆಯ ಇಟಾಲಿಕ್ಕು.

"ಗ್ರ್ಯಾಂಡಾಗಿ ಕಾಣುತ್ತೆ ಸಾರ್" ಅಂದ ಹುಡುಗ.

ಗ್ರ್ಯಾಂಡಂತೆ! ಧಾರಾಮುಹೂರ್ತದ 'ಧಾ' ಕೆಳಗಿನ ಸೀಳು ಮುಚ್ಚಿಹೋಗಿ 'ದಾ' ಆಗಿತ್ತು. ಜ್ಯೇಷ್ಠ ಪುತ್ರಿಯ ಒತ್ತುಗಳು ಕೆಳಸಾಲಿನ ತಲೆಕಟ್ಟಿಗೆ ಡಿಕ್ಕಿ ಹೊಡೆದಿದ್ದವು. ಕಂಪ್ಯೂಟರು ಮಾಡುವುದು ಇಷ್ಟೇ, ನೆಟ್ಟಗೆ ನಿಂತ ಕನ್ನಡವನ್ನು ಬಲಕ್ಕೆ ತಳ್ಳುವುದು.

ರೋಮನ್ ಲಿಪಿಯ ಓರೆ ಅಕ್ಷರ ಹಾಗೆ ತಳ್ಳಿಸಿಕೊಂಡು ಹುಟ್ಟಿದ್ದಲ್ಲ. ವೆನಿಸ್ಸಿನ ಮುದ್ರಕ ಆಲ್ಡಸ್ ಮನುಷಿಯಸ್ 1501ರಲ್ಲಿ ಲ್ಯಾಟಿನ್ ಕವಿ ವರ್ಜಿಲನ ಕಾವ್ಯವನ್ನು ಆ ಅಕ್ಷರದಲ್ಲಿ ಅಚ್ಚು ಹಾಕಿಸಿದ. ಕೈಬರಹ ನೋಡಿ ಅಚ್ಚಿನ ಮೊಳೆ ಕೊರೆದವನು ಫ್ರಾಂಚೆಸ್ಕೊ ಗ್ರಿಫೊ. ಇವತ್ತಿಗೂ ಒಳ್ಳೆಯ ಸೆರಿಫ್ ಫಾಂಟಿನ ಗೆರೆಗಳ ತುದಿಯಲ್ಲಿರುವ ಪುಟ್ಟ ಪಾದಗಳು ಇಟಾಲಿಕ್ಕಿನಲ್ಲಿ ಲೇಖನಿ ಎತ್ತಿದ ಕೊಕ್ಕೆಗಳಾಗುತ್ತವೆ, ಇಂಗ್ಲಿಷಿನ ಸಣ್ಣ 'ಎ' ರೂಪವೇ ಬದಲಾಗುತ್ತದೆ, 'ಎಫ್' ಗೆರೆಯ ಕೆಳಕ್ಕೆ ಬಾಲ ಇಳಿಬಿಡುತ್ತದೆ. ದಪ್ಪ ಮಾಡುವಾಗ ಹೊಟ್ಟೆಯೊಳಗಿನ ಬಿಳಿ ಮುಚ್ಚದ ಹಾಗೆ ಒಂದೊಂದನ್ನೂ ಮತ್ತೆ ಬರೆಯಬೇಕು. ಇಷ್ಟು ಒದ್ದಾಡಿ ಮಾಡಿದ್ದಕ್ಕೆ ಕೆಲಸ ಮಾತ್ರ ಬಲು ಕಡಿಮೆ. ಮಂಡ್ಯದ ಕೃಷಿ ಸಂಶೋಧನಾ ಕೇಂದ್ರ ವಿ.ಸಿ. ಫಾರಂನಲ್ಲಿ ಯಾರೋ ರಾಗಿ ಮೇಲೆ ಇಂಗ್ಲಿಷಿನಲ್ಲಿ ಪ್ರಬಂಧ ಬರೆದರು ಅನ್ನಿ. ಶೀರ್ಷಿಕೆ ದಪ್ಪಗಿರಬೇಕು, ಅದರೊಳಗೆ ಬರುವ 'ಎಲ್ಯುಸಿನ್ ಕೊರಕಾನಾ' ಎಂಬ ಶಾಸ್ತ್ರೀಯ ಹೆಸರು ಓರೆಯಾಗಿರಬೇಕು. ಆ ಎರಡು ಪದಕ್ಕೆ ಬೋಲ್ಡ್ ಇಟಾಲಿಕ್ ಹಾಕಿಕೊಳ್ಳಿ, ಬೇಡ ಅಂದವರಾರು?

ನಮ್ಮ ಪತ್ರಿಕೆಗೆ ಅದು ನೆಂಟಸ್ತನದಿಂದ ಬಂತು. ಮೊದಲು ವಧೂವರರ ಹೆಸರಷ್ಟೇ ದಪ್ಪಗಿತ್ತು. 'ಸುಖಾಗಮನ ಬಯಸುವವರು' ಪಟ್ಟಿ ನೋಡಿದ ಸೋದರತ್ತೆ, "ನಮ್ಮ ಯಜಮಾನ್ರೇನು ಸೊರಗಿ ಹೋಗಿದಾರಾ?" ಎಂದರು. ದಪ್ಪ ಮಾಡಿಸಿದ್ದಾಯಿತು. ಮಿಕ್ಕವರು ಸುಮ್ಮನಿರುತ್ತಾರೆಯೇ? ಪಟ್ಟಿಗೆ ಪಟ್ಟಿಯೇ ಊದಿಕೊಂಡಿತು. ಆಗ ಚಿಕ್ಕಮ್ಮನ ತಮ್ಮ, "ಹೆಣ್ಣಿನ ಸೋದರಮಾವ ನಾನು, ನನ್ನನ್ನೂ ಗುಂಪಿಗೆ ಸೇರಿಸಿಬಿಟ್ರಾ" ಎಂದು ಮುಖ ತಿರುಗಿಸಿದರು. ಅವರೊಬ್ಬರ ಹೆಸರು ಬಾಗಿತು. ಸಂಜೆಯೊಳಗೆ ಕೆ.ಆರ್. ಪೇಟೆಯವರದೂ ಬಾಗಿತು, ಮದ್ದೂರಿನವರದೂ ಬಾಗಿತು. ಹೆಸರು ಹಾಕಿಸಲು ಇಷ್ಟು ಕಾದಾಡಿದವರಲ್ಲಿ ಛತ್ರದ ಮುಂಗಡ ಯಾರು ಕೊಟ್ಟರು ಅಂತ ಕೇಳಿದವರು ಒಬ್ಬರೂ ಇಲ್ಲ. ಅದಿರಲಿ, ಛತ್ರದ ವಿಳಾಸ ಯಾಕೆ ಬಾಗಬೇಕಿತ್ತು? ಅದು ಯಾರ ಕಡೆಯ ನೆಂಟ?

ಹೆಸರೆರಡು ಬಿಟ್ಟು ಮಿಕ್ಕದ್ದನ್ನೆಲ್ಲ ನೆಟ್ಟಗೆ ನಿಲ್ಲಿಸೋಣ ಎಂದು ಚಿಕ್ಕಪ್ಪನಿಗೆ ಫೋನು ಮಾಡಿದೆ. "ಇನ್ನೊಂದು ಜಗಳ ತರಬೇಡ ಮಾರಾಯ. ಅಷ್ಟು ದುಡ್ಡು ಕೊಡ್ತಿದೀವಿ, ದಪ್ಪಗಿರಲಿ ಬಿಡೋ" ಎಂದರು.

ಇಡೀ ಹಾಳೆಯಲ್ಲಿ ಸಣ್ಣಗಿದ್ದದ್ದು ಮೂಲೆಯ ಒಂದೇ ಸಾಲು: 'ಆಶೀರ್ವಾದವೇ ಉಡುಗೊರೆ'. ಕನ್ನಡಕ ಹಾಕಿದರೂ ಕಾಣದು. ಇದನ್ನೂ ದಪ್ಪ ಮಾಡಿಸಲೇ ಎಂದೆ.

"ಅದು ಹಾಗೇ ಇರಲಿ" ಅಂದರು.