ಬಾವಿ ಕಾರ್ಪೊರೇಟರ್

ನಮ್ಮ ರಸ್ತೆಯ ತಿರುವಿನಲ್ಲಿ 2025ರ ರಾಜ್ಯೋತ್ಸವದ ಫ್ಲೆಕ್ಸ್ ಎದ್ದಿದೆ. ಮೇಲೆ ಮೂಲೆಯಲ್ಲಿ ತಾಯಿ ಭುವನೇಶ್ವರಿ, ಸ್ಟಾಂಪ್ ಸೈಜಿನಲ್ಲಿ. ನಡುವೆ ನಮ್ಮ ನಾಯಕರು, ಬಾಗಿಲಿನಷ್ಟು ಎತ್ತರ, ಕೂಲಿಂಗ್ ಗ್ಲಾಸ್ ಹಾಕಿಕೊಂಡು ಕೈ ಮುಗಿದಿದ್ದಾರೆ. ಕೆಳಗೆ ಹದಿನೆಂಟು ಹುಡುಗರ ತಲೆಗಳು. ಹೆಸರಿನ ಕೆಳಗೆ ಬಿರುದು: 'ಬಾವಿ ಕಾರ್ಪೊರೇಟರ್'.

ಭಾವಿ ಹೋಗಿ ಬಾವಿ ಆಗಿದೆ. ಕನ್ನಡದ ಹಬ್ಬದ ದಿನವೇ ಮಹಾಪ್ರಾಣ ಹೋಯಿತಲ್ಲ ಅಂತ ಮೊದಲು ನಕ್ಕೆ. ಆಮೇಲೆ ಲೆಕ್ಕ ಹಾಕಿದೆ. ಈ ಪುಣ್ಯಾತ್ಮ 2020ರಿಂದ ಭಾವಿಯೇ. ಐದು ವರ್ಷ ಕಾದರೆ ಯಾವ ಅಕ್ಷರಕ್ಕಾದರೂ ಉಸಿರು ಹೋಗುತ್ತದೆ.

ನಿಮಗೆ ಗೊತ್ತಿರುವ ಕಥೆಯೇ. ಬೆಂಗಳೂರು ಪಾಲಿಕೆಗೆ ನಾವು ಕೊನೆಯ ಸಲ ಓಟು ಹಾಕಿದ್ದು 2015ರ ಆಗಸ್ಟ್‌ನಲ್ಲಿ. 2020ರ ಸೆಪ್ಟೆಂಬರ್‌ಗೆ ಅವಧಿ ಮುಗಿಯಿತು. ಆಗ ವಾರ್ಡು 198. ಆಮೇಲೆ 243 ಅಂದರು, 225 ಅಂದರು. ಈಗ ಒಂದು ಪಾಲಿಕೆ ಐದಾಗಿದೆ, ವಾರ್ಡು 360 ದಾಟಿದೆ. ಬ್ರಿಟಿಷರು 1862ರಲ್ಲಿ ಪೇಟೆಗೊಂದು, ದಂಡಿಗೊಂದು (ಅಂದರೆ ಕಂಟೋನ್ಮೆಂಟಿಗೆ) ಅಂತ ಎರಡು ಮುನಿಸಿಪಾಲಿಟಿ ಮಾಡಿದ್ದರು. ಸ್ವಾತಂತ್ರ್ಯ ಬಂದ ಮೇಲೆ, 1949ರಲ್ಲಿ, ನಾವು ಅವನ್ನು ಸೇರಿಸಿ ಒಂದು ಮಾಡಿದೆವು. ಒಡೆದು ಆಳುವುದು ಅವರಿಗೆ ಎರಡರ ತನಕ ಮಾತ್ರ ಬರುತ್ತಿತ್ತು, ಪಾಪ.

ಅವಧಿ ಮುಗಿಯುವ ಮೊದಲೇ ಚುನಾವಣೆ ಆಗಬೇಕು ಅಂತ ಸಂವಿಧಾನದಲ್ಲೇ ಬರೆದಿದೆ. 74ನೇ ತಿದ್ದುಪಡಿ, 243ರ ವಿಧಿಗಳ ಕೆಳಗೆ ಬರುತ್ತದೆ. ನಾವು ಸ್ಕೂಲುಗಳಲ್ಲಿ ಪೀಠಿಕೆಯನ್ನು ಗಟ್ಟಿಯಾಗಿ ಓದಿಸುತ್ತೇವೆ. ಅಲ್ಲಿಂದ ಮುಂದೆ ಪುಟ ತಿರುವಲು ಯಾರಿಗೂ ಪುರುಸೊತ್ತಿಲ್ಲ. 243 ಅಂದರೆ ನಮ್ಮನ್ನು ಆಳುವವರಿಗೆ ನೆನಪಾಗುವುದು ವಾರ್ಡಿನ ಲೆಕ್ಕ ಅಷ್ಟೇ. ಎರಡು ಪಕ್ಷಗಳ ಸರ್ಕಾರ ಬಂತು, ಮೂವರು ಮುಖ್ಯಮಂತ್ರಿಗಳಾದರು. ಬೇರೆಲ್ಲದಕ್ಕೂ ಜಗಳ ಆಡುವವರು ಇದೊಂದರಲ್ಲಿ ಎಷ್ಟು ಅನ್ಯೋನ್ಯ ನೋಡಿ.

ಹಾಗಂತ ನಷ್ಟವೇ ಅಂದುಕೊಳ್ಳಬೇಡಿ. ನಮ್ಮ ಭಾವಿಯವರು ಐದು ವರ್ಷದಿಂದ ಸಂಕ್ರಾಂತಿಗೆ ಎಳ್ಳುಬೆಲ್ಲ ಕೊಟ್ಟಿದ್ದಾರೆ. ಗಣೇಶನಿಗೆ ಆರ್ಕೆಸ್ಟ್ರಾ, ಓಂ ಶಕ್ತಿ ಯಾತ್ರೆಗೆ ಬಸ್ಸು, ಹೊಸ ವರ್ಷಕ್ಕೆ ಅವರದೇ ಮುಖವಿರುವ ಕ್ಯಾಲೆಂಡರ್. ಗೆದ್ದಿದ್ದರೆ ಇಷ್ಟು ಹೊತ್ತಿಗೆ ಮನೆಯ ಗೇಟು ಹಾಕಿಕೊಂಡಿರುತ್ತಿದ್ದರು. ಎಲೆಕ್ಷನ್ ಇಲ್ಲದ್ದರಿಂದ ಇನ್ನೂ ಒಳ್ಳೆಯವರಾಗಿ ಉಳಿದಿದ್ದಾರೆ. ಹಳೇ ಫ್ಲೆಕ್ಸುಗಳೂ ದಂಡವಾಗಿಲ್ಲ. ಮೂಲೆಯ ಹೂವಿನಮ್ಮ ಮಳೆ ಬಂದಾಗ ಬುಟ್ಟಿಗೆ ಹೊದಿಸುವುದು ಕಳೆದ ವರ್ಷದ ಹುಟ್ಟುಹಬ್ಬದ ಶುಭಾಶಯವನ್ನೇ.

ಮೈಸೂರಿನಲ್ಲಿ 1881ರ ದಸರೆಯ ಸಮಯಕ್ಕೆ ಪ್ರಜಾ ಪ್ರತಿನಿಧಿ ಸಭೆ ಶುರುವಾಯಿತು. ರಂಗಾಚಾರ್ಲು ದಿವಾನರಾಗಿದ್ದ ಕಾಲ. ಮೊದಲ ಸಭೆಗೆ 144 ಜನ. ಅವರನ್ನು ಯಾರೂ ಓಟು ಹಾಕಿ ಆರಿಸಿರಲಿಲ್ಲ, ಅವರಿಗೆ ಅಧಿಕಾರವೂ ಇರಲಿಲ್ಲ. ಸುಮ್ನೆ ಬಂದು ಊರಿನ ಕಷ್ಟ ಹೇಳಿಕೊಂಡು ಹೋಗುವುದು. ಆದರೆ ಎದುರಿಗೆ ದಿವಾನರು ಕೂತಿರುತ್ತಿದ್ದರು. ನಮ್ಮ ಜೇಬಿನಲ್ಲಿ ಓಟರ್ ಐಡಿ ಇದೆ. ಎದುರಿನ ಕುರ್ಚಿ ಖಾಲಿ.

ನಮ್ಮ ಮನೆ ಮುಂದಿನ ಮೋರಿಯ ಚಪ್ಪಡಿ ಮುರಿದು ನಾಲ್ಕು ತಿಂಗಳಾಯಿತು. ಕಚೇರಿಗೆ ಹೋದೆ. ಆ್ಯಪ್‌ನಲ್ಲಿ ಫೋಟೋ ಹಾಕಿ ಅಂದರು. ಹಾಕಿದೆ. 'ನಿಮ್ಮ ದೂರು ಬಗೆಹರಿದಿದೆ' ಅಂತ ಮೆಸೇಜ್ ಬಂತು. ಮೋರಿಗೆ ಇನ್ನೂ ಬಂದಿಲ್ಲ ಅನ್ಸುತ್ತೆ.

ಹಳೇ ಕಾರ್ಪೊರೇಟರ್ ಏನು ಸಾಚಾ ಅಲ್ಲ. ಆದರೆ ಬೈಯೋಕೆ ಒಂದು ಮನೆ ಇತ್ತು. ಬೆಳಿಗ್ಗೆ ಏಳಕ್ಕೆ ಹೋದರೆ ಲುಂಗಿಯಲ್ಲೇ ಹೊರಗೆ ಬರುತ್ತಿದ್ದರು. 'ಮಾಡಿಸೋಣ ಬಿಡಿ ಸಾರ್' ಅನ್ನುತ್ತಿದ್ದರು. ಮಾಡಿಸುತ್ತಿರಲಿಲ್ಲ. 'ಆಯ್ತು, ಮುಂದಿನ ಸಲ ನೋಡ್ಕೋತೀವಿ' ಅಂತ ನಾವೂ ಗದರಿಸಿ ಬರುತ್ತಿದ್ದೆವು. ನಮ್ಮ ಕೈಲಿ ಇದ್ದಿದ್ದು ಅದೊಂದೇ, ಆ ಮುಂದಿನ ಸಲ. ಅದನ್ನೂ ಕಿತ್ತುಕೊಂಡರು. ಬಂದೂಕು ಹಿಡಿದು ಯಾರೂ ಬರಲಿಲ್ಲ. ವಾರ್ಡಿನ ಗಡಿ ತಿದ್ದುತ್ತಾ ತಿದ್ದುತ್ತಾ ಐದು ವರ್ಷ ಕಳೆದುಬಿಟ್ಟರು. ನಮಗೂ ಅಭ್ಯಾಸ ಆಗಿಹೋಯಿತು. ನಿಜ ಹೇಳಬೇಕೆಂದರೆ ಅದಕ್ಕೇ ನನಗೆ ಜಾಸ್ತಿ ಸಿಟ್ಟು.

ಸಿಟ್ಟು ಬಂದರೆ ಫ್ರೀಡಂ ಪಾರ್ಕಿಗೆ ಹೋಗಬೇಕು. 2021ರ ಆದೇಶದ ಪ್ರಕಾರ ಪ್ರತಿಭಟನೆ ಅಂದರೆ ಅಲ್ಲೇ. ಅದು ಹಳೇ ಸೆಂಟ್ರಲ್ ಜೈಲು. ತುರ್ತು ಪರಿಸ್ಥಿತಿಯಲ್ಲಿ ವಾಜಪೇಯಿ, ಅಡ್ವಾಣಿ ಅವರನ್ನು ಇಟ್ಟಿದ್ದ ಜಾಗ. ಆಗ ಕೂಗಿದವರನ್ನು ಸರ್ಕಾರವೇ ವ್ಯಾನು ಕಳಿಸಿ ಜೈಲಿಗೆ ಕರೆದೊಯ್ಯುತ್ತಿತ್ತು. ಈಗ ಕೂಗಬೇಕು ಅಂದರೆ ನಾವೇ ಮೀಟರ್ ಮೇಲೆ ಐವತ್ತು ಕೊಟ್ಟು ಆಟೋದಲ್ಲಿ ಹೋಗಬೇಕು.

ಮೊನ್ನೆ ಟೀ ಅಂಗಡಿ ಹತ್ತಿರ ಭಾವಿಯವರು ಸಿಕ್ಕರು.

'ಏನಣ್ಣಾ, ಎಲೆಕ್ಷನ್ ಯಾವಾಗ?' ಅಂದೆ.

'ಬರುತ್ತೆ ಸಾರ್, ಬರುತ್ತೆ. ಅಷ್ಟರಲ್ಲಿ ನಮ್ಮದು ಯಾವ ವಾರ್ಡು, ಯಾವ ಪಾಲಿಕೆ ಅಂತ ನೀವೇ ಸ್ವಲ್ಪ ನೋಡಿ ಹೇಳಿ.'

ಫ್ಲೆಕ್ಸಿನಲ್ಲಿ ಅಕ್ಷರ ತಪ್ಪಾಗಿದೆ ಅಂತ ಮೆಲ್ಲಗೆ ಹೇಳಿದೆ. ಒಂದು ಗುಟುಕು ಟೀ ಕುಡಿದು ಯೋಚಿಸಿದರು.

'ಇರಲಿ ಬಿಡಿ ಸಾರ್. ಸಂಕ್ರಾಂತಿ, ಯುಗಾದಿ ಎರಡಕ್ಕೂ ಹಂಗೇ ಪ್ರಿಂಟ್ ಹಾಕಿಸಿಬಿಟ್ಟಿದ್ದೀನಿ.'