ತಾಯಿ ಕೆಂಪು, ತಂದೆ ಯಾರೋ

ಹೋದ ವರ್ಷ ಮೇ ತಿಂಗಳಲ್ಲಿ ಸಾಗರದಿಂದ ಮೈಸೂರಿಗೆ ಹೊರಟಾಗ ಅಕ್ಕ ನನ್ನ ಚೀಲಕ್ಕೆ ಹಲಸಿನ ಹಪ್ಪಳದ ಕಟ್ಟಿನ ಜೊತೆಗೆ, ಯಾರದೋ ಮದುವೆಯ ಕರೆಯೋಲೆಯನ್ನು ಹರಿದು ಮಡಿಸಿದ ನಾಲ್ಕು ಪುಟ್ಟ ಪೊಟ್ಟಣಗಳನ್ನೂ ಸೇರಿಸಿದಳು. ಮೂರರ ಮೇಲೆ ‘ಜೀನಿಯಾ, ಕೆಂಪು’, ‘ಜೀನಿಯಾ, ಕಿತ್ತಳೆ’, ‘ಜೀನಿಯಾ, ಬಿಳಿ’ ಎಂದು ಬರೆದಿತ್ತು. ನಾಲ್ಕನೆಯದರ ಮೇಲೆ ‘ಗೊತ್ತಿಲ್ಲ’ ಎಂದಷ್ಟೇ ಇತ್ತು. ನಾಲ್ಕರಲ್ಲಿ ನಿಜ ಹೇಳಿದ ಪೊಟ್ಟಣ ಅದೊಂದೇ ಎಂಬುದು ನನಗೆ ತಿಳಿದದ್ದು ಆಗಸ್ಟ್ ತಿಂಗಳಲ್ಲಿ.

ಪೊಟ್ಟಣ ಬಿಚ್ಚಿದಾಗ ಮೊದಲು ಕಂಡದ್ದು ಕಸ. ಒಣಗಿದ ಹೂವನ್ನು ಉದುರಿಸಿದರೆ ಸಿಗುವುದರಲ್ಲಿ ಬೀಜಕ್ಕಿಂತ ಹೊಟ್ಟೇ ಹೆಚ್ಚು, ಮತ್ತು ಆ ಹೊಟ್ಟು ಬೀಜಕ್ಕಿಂತ ಹೆಚ್ಚು ಬೀಜದಂತೆ ಕಾಣುತ್ತದೆ. ನಾನು ಮೊದಲ ಕುಂಡದಲ್ಲಿ ಶ್ರದ್ಧೆಯಿಂದ ಬಿತ್ತಿ ಹತ್ತು ದಿನ ನೀರೆರೆದದ್ದು ಬಹುಶಃ ಅದಕ್ಕೇ ಇರಬೇಕು. ನಿಜವಾದ ಬೀಜ ಬೂದುಗಂದು ಬಣ್ಣದ, ಈಟಿಯ ಮೊನೆಯಂಥ ತುಣುಕು. ಹೂವಿನ ಅಂಚಿನ ಒಂದೊಂದು ಎಸಳಿನ ಬುಡದಲ್ಲಿಯೂ ಇಂಥದೊಂದು ಕೂತಿರುತ್ತದೆ. ಬೇರೆ ಹೂಗಳಂತೆ ಇದರ ಎಸಳು ಉದುರಿ ಹೋಗುವುದಿಲ್ಲ, ಒಣಗಿ ಕಾಗದದಂತಾಗಿ ತನ್ನ ಬೀಜದ ತಲೆಗೆ ಅಂಟಿಕೊಂಡೇ ಉಳಿಯುತ್ತದೆ. ಆದ್ದರಿಂದ ಆರಿಸುವಾಗ ಕಣ್ಣಿಗಿಂತ ಬೆರಳನ್ನು ನಂಬುವುದು ಮೇಲು: ಎಸಳಿನ ಬುಡವನ್ನು ಹಿಸುಕಿದಾಗ ಗಟ್ಟಿಯಾಗಿ ಏನಾದರೂ ಸಿಕ್ಕರೆ ಅದು ಬೀಜ, ಇಲ್ಲವಾದರೆ ಗಾಳಿಗೆ ಬಿಡಬಹುದು.

ಜೂನ್ ಮೊದಲ ವಾರದಲ್ಲಿ, ಕಾಲು ಅಂಗುಲಕ್ಕಿಂತ ಹೆಚ್ಚು ಆಳ ಹೋಗದಂತೆ, ಎರಡನೆಯ ಸಲ ಬಿತ್ತಿದೆ. ಐದನೆಯ ದಿನಕ್ಕೆ ಮೊಳಕೆಗಳು ಎರಡೆರಡು ದಪ್ಪ ಎಲೆಗಳನ್ನು ಕೈಮುಗಿದಂತೆ ಮೇಲೆತ್ತಿದವು. ಏಳನೆಯ ದಿನ ಬೆಳಿಗ್ಗೆ ಹೋಗಿ ನೋಡಿದರೆ ಒಂದು ಕುಂಡದಲ್ಲಿ ಎಲೆಗಳಿಲ್ಲದ ದಂಟುಗಳು ನಿಂತಿದ್ದವು, ಪಕ್ಕದಲ್ಲಿ ಬಸವನಹುಳು ನಡೆದ ಬೆಳ್ಳಿಯ ಹಾದಿ ಇತ್ತು. ಮಹಡಿಯ ಮೇಲಿನ ಕುಂಡಕ್ಕೆ ಅದು ರಾತ್ರಿಯೆಲ್ಲ ಹತ್ತಿ ಬಂದ ಶ್ರಮವನ್ನು ನೆನೆದು ಸಿಟ್ಟು ಅರ್ಧಕ್ಕೆ ಇಳಿಯಿತು.

ಗಿಡಕ್ಕೆ ಮೂರು ಜೊತೆ ಎಲೆ ಬಂದು, ಅದು ಗೇಣುದ್ದ ಆದಾಗ ಕುಡಿ ಚಿವುಟಬೇಕು ಎಂದು ಅಕ್ಕ ಹೇಳಿ ಕಳಿಸಿದ್ದಳು. ಸೇವಂತಿಗೆ, ಚೆಂಡುಹೂ ಬೆಳೆಯುವವರಿಗೆ ಇದು ಹೊಸತಲ್ಲ. ಮೇಲಿನ ಕುಡಿ ಹೋದರೆ ಎಲೆಗಳ ಕಂಕುಳಲ್ಲಿ ಮಲಗಿರುವ ಮೊಗ್ಗುಗಳು ಎಚ್ಚರಗೊಂಡು, ಒಂದು ದಂಟಿದ್ದಲ್ಲಿ ಎರಡು, ನಾಲ್ಕು ಕವಲು ಹೊರಡುತ್ತವೆ. ಕಾರಣ ಗೊತ್ತಿದ್ದರೂ ಕೈ ಬರುವುದಿಲ್ಲ. ಬಸವನಹುಳುವಿನಿಂದ ಪಾರಾಗಿ ಬಂದ ಗಿಡದ ತಲೆಯನ್ನು ನಾನೇ ಕತ್ತರಿಸುವುದೇ? ಮಗುವನ್ನು ಚಿವುಟಿ ತೊಟ್ಟಿಲು ತೂಗುವ ಗಾದೆಯನ್ನು ಅಕ್ಷರಶಃ ನಡೆಸಿದವನಂತೆ ಅರ್ಧ ಗಿಡಗಳನ್ನು ಚಿವುಟಿ, ನೀರೆರೆದು ಸಮಾಧಾನಪಡಿಸಿದೆ, ಉಳಿದರ್ಧವನ್ನು ಮುಟ್ಟಲಿಲ್ಲ. ಆಗಸ್ಟ್‌ನಲ್ಲಿ ಮುಟ್ಟದ ಗಿಡಗಳು ಒಂದೊಂದು ಹೂವನ್ನು ಎತ್ತಿ ಹಿಡಿದು ಗಾಳಿಗೆ ವಾಲಿದವು. ಚಿವುಟಿಸಿಕೊಂಡವು ಹತ್ತು ದಿನ ತಡವಾಗಿ, ಆದರೆ ಪೊದೆಯಾಗಿ ಬಂದವು.

ನೀರಿನ ವಿಷಯದಲ್ಲಿ ಅಕ್ಕನದು ಒಂದೇ ಮಾತು: ಗಡಿಯಾರ ನೋಡಿ ಹಾಕಬೇಡ, ಗಿಡ ನೋಡಿ ಹಾಕು, ಎಲೆಗೆ ಬೇಡ, ಬುಡಕ್ಕೆ ಹಾಕು. ಇದೇ ಪಾಠವನ್ನು ಭೂಮಿಯಿಂದ 400 ಕಿಲೋಮೀಟರು ಮೇಲೆ ಕಲಿತವರೂ ಇದ್ದಾರೆ. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲಿ 2015ರ ಕೊನೆಯಲ್ಲಿ ಬೆಳೆಸಿದ್ದ ಜೀನಿಯಾಗಳು ತೇವ ಹೆಚ್ಚಾಗಿ ಎಲೆ ಮುದುಡಿ, ಬೂಷ್ಟು ಹಿಡಿದು ಸೊರಗಿದ್ದವು. ಆಗ ಗಗನಯಾತ್ರಿ ಸ್ಕಾಟ್ ಕೆಲಿ, ಯಾವಾಗ ನೀರು ಕೊಡಬೇಕೆಂಬುದನ್ನು ನೆಲದಲ್ಲಿ ಕೂತವರಲ್ಲ, ಗಿಡದ ಎದುರಿಗಿರುವ ತಾನೇ ನಿರ್ಧರಿಸುವುದಾಗಿ ಕೇಳಿಕೊಂಡರು. ನಾಸಾದವರು ಒಂದು ಪುಟದ ಸೂಚನೆ ಕೊಟ್ಟು ಉಳಿದದ್ದನ್ನು ಅವರಿಗೇ ಬಿಟ್ಟರು. 2016ರ ಜನವರಿಯಲ್ಲಿ ಅಲ್ಲಿ ಕಿತ್ತಳೆ ಬಣ್ಣದ ಹೂ ಅರಳಿತು. ನಮ್ಮ ಅಕ್ಕನಿಗೆ ಆ ಒಂದು ಪುಟವೂ ಬೇಕಾಗುತ್ತಿರಲಿಲ್ಲ ಎಂದು ನಾನು ಹೇಳಿದರೆ ಅದು ತಮ್ಮನ ಅಭಿಮಾನವೆಂದು ತಳ್ಳಿಹಾಕಬಹುದು.

ಬಾಹ್ಯಾಕಾಶದಲ್ಲಿ ಕಿತ್ತಳೆ ಬಂತು. ನನ್ನ ಮಹಡಿಯಲ್ಲಿ ಕಿತ್ತಳೆಯ ಪೊಟ್ಟಣದಿಂದ ಗುಲಾಬಿ ಬಂತು. ಕೆಂಪೆಂದು ಬರೆದದ್ದರಲ್ಲಿ ಒಂದು ಮಾತ್ರ ಕೆಂಪಾಗಿ, ಒಂದು ನೇರಳೆಯಾಗಿ, ಎರಡು ಬಾಳೆಹಣ್ಣಿನ ರಸಾಯನದ ಬಣ್ಣಕ್ಕೆ ತಿರುಗಿದವು. ಅಕ್ಕನಿಗೆ ಫೋನು ಮಾಡಿ, ಪೊಟ್ಟಣಗಳು ಅದಲುಬದಲಾಗಿವೆ ಎಂದು ದೂರಿದೆ.

“ಎಂಥದೂ ಅದಲುಬದಲಾಗಿಲ್ಲ ಮಾರಾಯ. ನಾನು ಬರೆದದ್ದು ತಾಯಿಯ ಬಣ್ಣ. ತಂದೆ ಯಾರು ಅಂತ ಬೇಕಾದರೆ ಜೇನುಹುಳವನ್ನ ಕೇಳು” ಎಂದಳು.

ಸಸ್ಯಶಾಸ್ತ್ರ ಹೇಳುವುದೂ ಇದನ್ನೇ, ಇಷ್ಟು ಚೆನ್ನಾಗಿ ಅಲ್ಲ. ನಾವು ಒಂದು ಹೂವೆಂದು ಕರೆಯುವುದು ಸೂರ್ಯಕಾಂತಿಯಲ್ಲಿರುವಂತೆ ಇಲ್ಲಿಯೂ ಹಲವು ಕಿರುಹೂಗಳ ಸಂಸಾರ. ಅಂಚಿನ ಎಸಳು ಒಂದೊಂದೂ ಒಂದು ಹೆಣ್ಣು ಹೂ, ಅದರಲ್ಲಿ ಪರಾಗವೇ ಇಲ್ಲ. ಪರಾಗವಿರುವುದು ನಡುವಿನ ಹಳದಿ ನಕ್ಷತ್ರಗಳಲ್ಲಿ. ಆದರೆ ಜೀನಿಯಾ ಬಹುಮಟ್ಟಿಗೆ ತನ್ನ ಪರಾಗವನ್ನು ತಾನೇ ಒಪ್ಪದ ಜಾತಿ, ಒಂದು ಬಗೆಯಲ್ಲಿ ಸಗೋತ್ರ ವಿವಾಹವನ್ನು ನಿಷೇಧಿಸಿಕೊಂಡ ಕುಲ. ಆದ್ದರಿಂದ ಬೇರೆ ಗಿಡದಿಂದ ಚಿಟ್ಟೆಯೋ ಜೇನೋ ಹೊತ್ತು ತಂದದ್ದರಿಂದಲೇ ಅದರ ಬಳಿ ಬೀಜ ಕಟ್ಟುತ್ತದೆ. ಒಂದೇ ಹೂವಿನ ಅಕ್ಕಪಕ್ಕದ ಎರಡು ಬೀಜಗಳಿಗೆ ತಂದೆ ಬೇರೆಯಾಗಿರಬಹುದು. ಅಂಗಡಿಯ ಹೈಬ್ರಿಡ್ ಬೀಜ ಮೊದಲ ವರ್ಷ ಹೊದಿಕೆಯ ಚಿತ್ರದಂತೆಯೇ ಅರಳುತ್ತದೆ ಎಂಬುದು ನಿಜ. ಆದರೆ ಅದರಿಂದ ಉಳಿಸಿಕೊಂಡ ಬೀಜವನ್ನು ಮರುವರ್ಷ ಬಿತ್ತಿದರೆ ಅಲ್ಲಿಯೂ ಇದೇ ಕಥೆ.

ತಂದೆಯ ಗುರುತೇ ಸಿಗದ ಈ ಹೂವಿಗೆ ಹೆಸರು ಬಂದಿರುವುದು ಮಾತ್ರ ಒಬ್ಬ ಗಂಡಸಿನಿಂದ. ಮೆಕ್ಸಿಕೋ ಮೂಲದ ಈ ಕುಲಕ್ಕೆ ಸ್ವೀಡನ್ನಿನ ಸಸ್ಯಶಾಸ್ತ್ರಜ್ಞ ಲಿನೇಯಸ್ ಜರ್ಮನಿಯ ಯೋಹಾನ್ ಗಾಟ್‌ಫ್ರೀಡ್ ಜಿನ್ ಅವರ ನೆನಪನ್ನು ಕಟ್ಟಿದ. ಜಿನ್ ಗಾಟಿಂಗೆನ್ನಿನಲ್ಲಿ ಪ್ರಾಧ್ಯಾಪಕನಾಗಿದ್ದ, 1755ರಲ್ಲಿ ಮನುಷ್ಯನ ಕಣ್ಣಿನ ರಚನೆಯನ್ನು ಕುರಿತು ಪುಸ್ತಕ ಬರೆದ, 1759ರಲ್ಲಿ ಮೂವತ್ತೊಂದನೆಯ ವಯಸ್ಸಿಗೆ ತೀರಿಕೊಂಡ. ಕಣ್ಣಿನೊಳಗೆ ಮಸೂರವನ್ನು ತೂಗಿ ಹಿಡಿದಿರುವ ನವಿರಾದ ಎಳೆಗಳಿಗೂ ಅವನದೇ ಹೆಸರಿದೆ. ಅಂದರೆ ಜೀನಿಯಾವನ್ನು ನೋಡುವ ಕಣ್ಣಿನಲ್ಲಿಯೂ ಜಿನ್ ಇದ್ದಾನೆ. ಸಾಗರದ ಅಂಗಳಗಳಲ್ಲಿ ಡೇರೆ ಗೆಡ್ಡೆಯನ್ನೂ ಜೀನಿಯಾ ಬೀಜವನ್ನೂ ಕೈಬದಲು ಮಾಡಿಕೊಳ್ಳುವ ಹೆಂಗಸರು ಅವನ ಹೆಸರಿಗೆ ಒಂದು ದೀರ್ಘ ಸೇರಿಸಿ ದಿನವೂ ಕರೆಯುತ್ತಾರೆ.

ಇದಕ್ಕೆ ಪರಿಮಳವಿಲ್ಲ. ದೇವರಾಜ ಮಾರುಕಟ್ಟೆಯಲ್ಲಿ ಇದನ್ನು ಮಾರು ಲೆಕ್ಕದಲ್ಲಿ ಕಟ್ಟಿ ಮಾರುವುದನ್ನು ನಾನು ಕಂಡಿಲ್ಲ. ಅದರಿಂದಾಗಿ ಒಂದು ಲಾಭವೂ ಇದೆ, ಬೆಳಗಿನ ಜಾವ ಪ್ಲಾಸ್ಟಿಕ್ ಚೀಲ ಹಿಡಿದು ಅನ್ಯರ ದಾಸವಾಳ ಕೊಯ್ಯುವ ನಮ್ಮ ಬೀದಿಯ ಭಕ್ತರು ನನ್ನ ಗಿಡಗಳತ್ತ ಕಣ್ಣೆತ್ತಿಯೂ ನೋಡಲಿಲ್ಲ.

ಸೆಪ್ಟೆಂಬರಿನಲ್ಲಿ ಒತ್ತಾಗಿ ಬೆಳೆದಿದ್ದ ಗಿಡಗಳ ಎಲೆಗಳ ಮೇಲೆ ಬೂದಿ ರೋಗ ಬಂತು. ಬಿತ್ತುವಾಗ ಅಂತರ ಬಿಡದ ತಪ್ಪು ನನ್ನದೇ. ಹೂಗಳು ಅದನ್ನು ಲೆಕ್ಕಿಸದೆ ದಸರೆಯವರೆಗೂ ನಡೆದವು. ಆಮೇಲೆ ಬೆಣ್ಣೆಯ ಬಣ್ಣದ ಒಂದೇ ಒಂದು ಹೂವನ್ನು ಗಿಡದಲ್ಲಿಯೇ ಕಂದಾಗುವವರೆಗೆ ಬಿಟ್ಟು, ತೊಟ್ಟು ಪೂರ್ತಿ ಒಣಗಿದ ಮೇಲೆ ಕೊಯ್ದು, ವಾರ ಕಾಲ ನೆರಳಿನಲ್ಲಿ ಹರವಿ, ಬೆರಳಿನಿಂದ ಹಿಸುಕಿ ನೋಡಿ ಮೂವತ್ತೆರಡು ಬೀಜ ಆರಿಸಿದೆ. ಸಾಗರಕ್ಕೆ ಹೊರಟಿದ್ದ ಅಕ್ಕನ ಮಗನ ಕೈಗೆ ಕೊಡುವ ಮುನ್ನ ಪೊಟ್ಟಣದ ಮೇಲೆ, ಶಾಲೆಗೆ ಸೇರಿಸುವ ಅರ್ಜಿಯಲ್ಲಿ ಬರೆಯುವಂತೆ, ‘ತಾಯಿ: ಬೆಣ್ಣೆ ಬಣ್ಣ’ ಎಂದು ಬರೆದು, ಅದರ ಕೆಳಗೆ ‘ತಂದೆ:’ ಎಂದು ಗೆರೆ ಎಳೆದು ಖಾಲಿ ಬಿಟ್ಟೆ.