ಮತದಾರರು 2,905, ಬಿದ್ದ ವೋಟು 6,307

1855ರ ಮಾರ್ಚ್ 30. ಅಮೆರಿಕದ ಕಾನ್ಸಾಸ್ ಪ್ರಾಂತ್ಯದಲ್ಲಿ ಮೊದಲ ಶಾಸನಸಭೆಗೆ ಚುನಾವಣೆ. ಸ್ವಲ್ಪ ದಿನ ಮುಂಚೆ ಗಣತಿ ಆಗಿತ್ತು. ವೋಟು ಹಾಕಲು ಹಕ್ಕಿದ್ದವರು 2,905 ಮಂದಿ. ಚುನಾವಣೆ ಮುಗಿದು ಎಣಿಸಿದರೆ ಬಿದ್ದ ವೋಟು 6,307!

ಸತ್ತವರು ಎದ್ದು ಬಂದು ವೋಟು ಹಾಕುವ ಕಥೆ ನಮಗೇನೂ ಹೊಸದಲ್ಲ. ಆದರೆ ಅಲ್ಲಿ ಬಂದವರೆಲ್ಲ ಬದುಕಿದ್ದವರೇ, ಪಕ್ಕದ ಮಿಸ್ಸೌರಿ ರಾಜ್ಯದವರು, ಕಾನ್ಸಾಸ್‌ನಲ್ಲೂ ಗುಲಾಮಗಿರಿ ಇರಲಿ ಅನ್ನುವವರು. ಬಂದೂಕು, ಚಾಕು ಹಿಡಿದು, ಕುದುರೆ ಮೇಲೆ, ಗಾಡಿ ಕಟ್ಟಿಕೊಂಡು ಗಡಿ ದಾಟಿ ಬಂದರು. ವೋಟು ಒತ್ತಿದರು, ಮನೆಗೆ ವಾಪಸ್ ಹೋದರು. ಅವರನ್ನು ಕರೆತಂದ ಮುಂದಾಳುಗಳಲ್ಲಿ ಡೇವಿಡ್ ಅಚಿಸನ್ ಒಬ್ಬ. ಆ ತಿಂಗಳ ಮೊದಲ ವಾರದವರೆಗೂ ಆತ ಅಮೆರಿಕದ ಸೆನೆಟರ್ ಆಗಿದ್ದವನು.

ಹೀಗೆ ಗೆದ್ದು ಕೂತ ಸಭೆ ಮಾಡಿದ ಒಂದು ಕಾನೂನು ನೋಡಿ. ಗುಲಾಮರನ್ನು ಇಟ್ಟುಕೊಳ್ಳುವ ಹಕ್ಕು ಇಲ್ಲಿ ಯಾರಿಗೂ ಇಲ್ಲ ಅಂತ ಬರೆದರೆ, ಅಷ್ಟೇ ಯಾಕೆ, ಬಾಯಿಬಿಟ್ಟು ಹೇಳಿದರೂ ಕನಿಷ್ಠ ಎರಡು ವರ್ಷ ಕಠಿಣ ಸಜೆ.

ಇದಕ್ಕೆಲ್ಲ ದಾರಿ ಮಾಡಿಕೊಟ್ಟ ಮಾತು ಮಾತ್ರ ಕೇಳಲು ಬಹಳ ಚೆಂದ: 'ಅಲ್ಲಿನ ಜನರೇ ತೀರ್ಮಾನ ಮಾಡಲಿ.' ಇದಕ್ಕಿಂತ ಪ್ರಜಾಪ್ರಭುತ್ವ ಇನ್ನೇನು ಬೇಕು, ಅಲ್ವಾ? ನಾನೂ ಮೊದಲ ಸಲ ಓದಿದಾಗ ಹಾಗೇ ಅಂದುಕೊಂಡಿದ್ದೆ. ಈಗ ಯಾರಾದರೂ 'ಜನರೇ ತೀರ್ಮಾನಿಸಲಿ' ಅಂದರೆ, ಯಾವ ಜನ ಸ್ವಾಮಿ, ಪಟ್ಟಿ ತೋರಿಸಿ ಅಂತ ಕೇಳಬೇಕು ಅನಿಸುತ್ತೆ.

ಸ್ವಲ್ಪ ಹಿಂದಕ್ಕೆ ಹೋಗೋಣ. 1820ರಲ್ಲಿ ಒಂದು ರಾಜಿ ಆಗಿತ್ತು. ಮಿಸ್ಸೌರಿ ಗುಲಾಮಿ ರಾಜ್ಯ, ಮೇಯ್ನ್ ಸ್ವತಂತ್ರ ರಾಜ್ಯ, ಅಂದರೆ ಗುಲಾಮಗಿರಿ ಇಲ್ಲದ್ದು. 1803ರಲ್ಲಿ ಫ್ರಾನ್ಸ್‌ನಿಂದ ಕೊಂಡಿದ್ದ ಅಷ್ಟೂ ನೆಲದಲ್ಲಿ 36 ಡಿಗ್ರಿ 30 ನಿಮಿಷ ಅಕ್ಷಾಂಶಕ್ಕೆ ಒಂದು ಗೆರೆ. ಮಿಸ್ಸೌರಿ ಒಂದನ್ನು ಬಿಟ್ಟರೆ ಗೆರೆಯ ಉತ್ತರಕ್ಕೆ ಗುಲಾಮಗಿರಿ ಇಲ್ಲ. ಕಾನ್ಸಾಸ್ ಇದ್ದದ್ದು ಗೆರೆಯ ಉತ್ತರಕ್ಕೇ. 34 ವರ್ಷ ಅದನ್ನು ಯಾರೂ ಅಳಿಸಲಿಲ್ಲ. 1854ರಲ್ಲಿ ಇಲಿನಾಯ್ ರಾಜ್ಯದ ಸೆನೆಟರ್ ಸ್ಟೀಫನ್ ಡಗ್ಲಸ್ ಅಳಿಸಿದ. ಅವನಿಗೆ ಬೇಕಿದ್ದದ್ದು ಮುಖ್ಯವಾಗಿ ರೈಲು. ಪಶ್ಚಿಮಕ್ಕೆ ಹೋಗುವ ಹಳಿ ತನ್ನ ಚಿಕಾಗೋದಿಂದ ಹೊರಡಬೇಕು. ಹಳಿ ಹಾಯುವ ನೆಲಕ್ಕೆ ಒಂದು ಸರ್ಕಾರ ಬೇಕು. ಅದಕ್ಕೆ ದಕ್ಷಿಣದವರ ವೋಟು ಬೇಕು. ಅವರು ಕೇಳಿದ ಬೆಲೆ, ಆ ಗೆರೆ. ಗೆರೆ ಹೋದ ಜಾಗಕ್ಕೆ ಬಂದದ್ದೇ, ಗುಲಾಮಗಿರಿ ಬೇಕೋ ಬೇಡವೋ 'ಅಲ್ಲಿನ ಜನರೇ ತೀರ್ಮಾನ ಮಾಡಲಿ' ಅನ್ನುವ ಮಾತು. ರೈಲಿಗಾಗಿ ಇಂಥದ್ದೊಂದು ವ್ಯಾಪಾರ!

ದಕ್ಷಿಣದವರಿಗೆ ಪಶ್ಚಿಮದ ನೆಲದ ಹಸಿವು ಯಾಕೆ ಅಷ್ಟೊಂದು? ಹತ್ತಿ. ನಾನು ಗದಗ ಸೀಮೆಯವನು, ಎರೆ ಹೊಲದಲ್ಲಿ ಹತ್ತಿ ಬಿಡಿಸಿದ್ದೇನೆ. ಒಣಗಿ ಒಡೆದ ಕಾಯಿಯ ತುದಿ ಉಗುರಿನ ಬುಡಕ್ಕೆ ಚುಚ್ಚುತ್ತೆ. ಮೊದಲ ದಿನ ಗೊತ್ತಾಗಲ್ಲ, ಮೂರನೇ ದಿನ ಊಟಕ್ಕೆ ಕೂತಾಗ ಖಾರ ತಾಗಿ ಗೊತ್ತಾಗುತ್ತೆ. ಅದೂ ನಮ್ಮದೇ ಹೊಲ, ಸಾಕಾದರೆ ಬೇವಿನ ಮರದ ಕೆಳಗೆ ಹೋಗಿ ಮಲಗಬಹುದಿತ್ತು. ಇನ್ನು ಅರಳೆಯನ್ನು ಬೀಜದಿಂದ ಬೇರೆ ಮಾಡುವುದು ಅದಕ್ಕಿಂತ ಜಿಗುಟು ಕೆಲಸ. ಅಮೆರಿಕದ ಒಳನಾಡಿನ ಹತ್ತಿಯಂತೂ ಬೀಜ ಕಚ್ಚಿಕೊಂಡು ಬಿಡುವುದೇ ಇಲ್ಲ. ದಿನವಿಡೀ ಕೂತು ಕೈಯಲ್ಲಿ ಕಿತ್ತರೂ ಒಬ್ಬರಿಗೆ ಅರ್ಧ ಕಿಲೋ ಅರಳೆ ಬಂದರೆ ಹೆಚ್ಚು. 1793ರಲ್ಲಿ ಎಲೈ ವಿಟ್ನಿ ಜಿನ್ ಯಂತ್ರ ಮಾಡಿದ ಮೇಲೆ ಆ ತಡೆ ಹೋಯಿತು. ಯಂತ್ರ ಬಂದರೆ ಆಳಿನ ಕೆಲಸ ಕಡಿಮೆ ಆಗಬೇಕು ತಾನೇ? ಆದದ್ದು ಉಲ್ಟಾ. ಹಿಂಜುವುದು ಸಲೀಸಾದಷ್ಟೂ ಬಿತ್ತುವುದಕ್ಕೆ, ಬಿಡಿಸುವುದಕ್ಕೆ ಜಾಸ್ತಿ ಕೈ ಬೇಕಾಯಿತು. 1790ರಲ್ಲಿ ಸುಮಾರು 7 ಲಕ್ಷ ಇದ್ದ ಗುಲಾಮರು 1860ಕ್ಕೆ ಸುಮಾರು 40 ಲಕ್ಷ ಆದರು. ವರ್ಜೀನಿಯಾ, ಮೇರಿಲ್ಯಾಂಡ್ ಕಡೆಯಿಂದ ಸುಮಾರು 10 ಲಕ್ಷ ಜನರನ್ನು ದಕ್ಷಿಣ, ಪಶ್ಚಿಮದ ಹತ್ತಿ ಸೀಮೆಗೆ ಸಾಗಿಸಿದರು. ಕೆಲವರನ್ನು ಹಡಗಲ್ಲಿ, ಹಲವರನ್ನು ಸರಪಳಿ ಬಿಗಿದು ನಡೆಸಿಕೊಂಡು. ತಾಯಿ ಒಂದು ಕಡೆ, ಮಕ್ಕಳು ಒಂದು ಕಡೆ.

(ಅಮೆರಿಕದ ಅದೇ ಹತ್ತಿಯ ನ್ಯೂ ಆರ್ಲಿಯನ್ಸ್ ತಳಿಯ ಬೀಜ 1840ರ ದಶಕದಲ್ಲಿ ನಮ್ಮ ಧಾರವಾಡ ಸೀಮೆಗೂ ಬಂತು, 'ಧಾರವಾಡ ಅಮೆರಿಕನ್' ಅಂತಲೇ ಹೆಸರಾಯಿತು. ಆ ಕಥೆ ಇನ್ನೊಂದು ದಿನ.)

ಹತ್ತಿ ಮೇಲೆ ಹತ್ತಿ ಬೆಳೆದರೆ ನೆಲ ಸೋಲುತ್ತೆ, ಹೊಸ ನೆಲ ಬೇಕು. ಜೊತೆಗೆ ಒಂದೊಂದು ಹೊಸ ರಾಜ್ಯಕ್ಕೂ ಇಬ್ಬರು ಸೆನೆಟರ್‌ಗಳು. ಸ್ವತಂತ್ರ ರಾಜ್ಯಗಳೇ ಜಾಸ್ತಿ ಆದರೆ ನಾಳೆ ನಮ್ಮ ಕಥೆ ಏನು ಅನ್ನುವ ಭಯ ದಕ್ಷಿಣಕ್ಕೆ. 1848ರಲ್ಲಿ ಮೆಕ್ಸಿಕೋದಿಂದ ದೊಡ್ಡ ನೆಲ ಕಿತ್ತುಕೊಂಡ ಮೇಲಂತೂ ಜಗಳ ನಿಲ್ಲಲೇ ಇಲ್ಲ.

ಇಷ್ಟು ಕೇಳಿದ ಮೇಲೆ, ಹಾಗಾದರೆ ಉತ್ತರದವರು ಒಳ್ಳೆಯವರು ಅಂತ ನಿಮಗೆ ಅನಿಸಬಹುದು. ಇಲ್ಲೇ ನನಗೆ ಕಿರಿಕಿರಿ ಶುರುವಾಗುವುದು. ಮೆಕ್ಸಿಕೋದಿಂದ ಸಿಗುವ ನೆಲಕ್ಕೆ ಗುಲಾಮಗಿರಿ ಕಾಲಿಡಬಾರದು ಅಂತ 1846ರಲ್ಲಿ ಮಸೂದೆಯೊಂದಕ್ಕೆ ತಿದ್ದುಪಡಿ ಮಂಡಿಸಿದವನು ಉತ್ತರದ ಪೆನ್ಸಿಲ್ವೇನಿಯಾದ ಸಂಸದ ಡೇವಿಡ್ ವಿಲ್ಮಟ್. ಗುಲಾಮರ ಮೇಲಿನ ಮರುಕದಿಂದ ಅಲ್ಲ, ಬಿಳಿ ದುಡಿಮೆಗಾರರಿಗೆ ನೆಲ ಉಳಿಯಲಿ ಅಂತ. ಇದನ್ನು ಅವನೇನೂ ಮುಚ್ಚಿಟ್ಟಿರಲಿಲ್ಲ.

ಕಾನ್ಸಾಸ್‌ನಲ್ಲೂ ಅದೇ. ಕಳ್ಳ ವೋಟಿನ ಸಭೆಯನ್ನು ಧಿಕ್ಕರಿಸಿ, ಗುಲಾಮಗಿರಿ ಬೇಡ ಅಂದವರು ಟೊಪೀಕಾದಲ್ಲಿ ತಮ್ಮದೇ ಸಂವಿಧಾನ ಬರೆದರು. ಅದರ ಜೊತೆ ಇನ್ನೊಂದು ಪ್ರಶ್ನೆಗೂ ಮತ ಕೇಳಿದರು: ಕಪ್ಪು ಜನರು, ಗುಲಾಮರಲ್ಲದವರೂ ಸೇರಿ, ಕಾನ್ಸಾಸ್‌ಗೆ ಕಾಲಿಡದಂತೆ ತಡೆಯಬೇಕೇ? ಬೇಕು ಅಂದವರು 1,287. ಬೇಡ ಅಂದವರು 453.

ಆ 453 ಮಂದಿ ಯಾರಿರಬಹುದು ಅಂತ ನಾನು ಎಷ್ಟೋ ಸಲ ಯೋಚಿಸಿದ್ದೇನೆ.

ಆ ನೆಲ ಖಾಲಿಯೂ ಇರಲಿಲ್ಲ. ಹೆಸರೇ ಕಾನ್ಸಾ ಬುಡಕಟ್ಟಿನದು. ಪೂರ್ವದಿಂದ ಒಕ್ಕಲೆಬ್ಬಿಸಿದ ಶಾನೀ, ಡೆಲವೇರ್ ಜನರಿಗೆ ಇನ್ನು ಇದೇ ನಿಮ್ಮ ನೆಲ ಅಂತ ಬರೆದುಕೊಟ್ಟಿದ್ದೂ ಅಲ್ಲೇ. ಅವರನ್ನು ಯಾರೂ ಕೇಳಲಿಲ್ಲ. ಗುಲಾಮರನ್ನು ಕೇಳುವ ಮಾತೇ ಇಲ್ಲ. ಹೆಂಗಸರಿಗೂ ವೋಟಿಲ್ಲ. ಉಳಿದವರು 'ಜನ'.

1856ರ ಮೇ ತಿಂಗಳ ನಾಲ್ಕು ದಿನ ಸಾಕು, ಈ ತೀರ್ಮಾನ ಹೇಗೆ ನಡೆಯಿತು ಅಂತ ತಿಳಿಯಲು. 21ಕ್ಕೆ ಗುಲಾಮಗಿರಿ ಪರದವರು, ಗುಲಾಮಗಿರಿ ಬೇಡ ಅಂದವರ ಲಾರೆನ್ಸ್ ಊರಿಗೆ ನುಗ್ಗಿ ಹೋಟೆಲ್ ಸುಟ್ಟರು, ಪತ್ರಿಕೆಗಳ ಅಚ್ಚಿನ ಯಂತ್ರ ಮುರಿದರು. 22ಕ್ಕೆ ವಾಷಿಂಗ್ಟನ್‌ನಲ್ಲಿ, ಸೆನೆಟ್ ಸಭಾಂಗಣದ ಒಳಗೇ, ದಕ್ಷಿಣ ಕ್ಯಾರೊಲಿನಾದ ಸಂಸದ ಪ್ರೆಸ್ಟನ್ ಬ್ರೂಕ್ಸ್ ತನ್ನ ಊರುಗೋಲಿನಿಂದ ಚಾರ್ಲ್ಸ್ ಸಮ್ನರ್ ಎಂಬ ಸೆನೆಟರನ ತಲೆಗೆ ಕೋಲು ಮುರಿಯುವವರೆಗೂ ಬಡಿದ. ಸಮ್ನರ್ ಮಾಡಿದ್ದ ತಪ್ಪು, ಕಾನ್ಸಾಸ್ ಬಗ್ಗೆ ಖಾರವಾಗಿ ಭಾಷಣ ಮಾಡಿದ್ದು. ಬ್ರೂಕ್ಸ್‌ಗೆ ಅಭಿಮಾನಿಗಳು ಹೊಸ ಕೋಲುಗಳನ್ನು ಕಳಿಸಿಕೊಟ್ಟರು! 24ರ ರಾತ್ರಿ ಗುಲಾಮಗಿರಿ ವಿರೋಧಿಗಳ ಸರದಿ. ಜಾನ್ ಬ್ರೌನ್ ಮತ್ತು ಅವನ ಮಕ್ಕಳು, ಸಂಗಡಿಗರು ಪಾಟವಾಟಮಿ ಹಳ್ಳದ ದಂಡೆಯಲ್ಲಿ ಐವರನ್ನು ಮನೆಯಿಂದ ಎಳೆತಂದು ಕೊಚ್ಚಿ ಕೊಂದರು.

ಮರುವರ್ಷ, ಡ್ರೆಡ್ ಸ್ಕಾಟ್ ಎಂಬ ಗುಲಾಮ ಬಿಡುಗಡೆ ಕೇಳಿದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಕಪ್ಪು ಜನರು ಅಮೆರಿಕದ ಪ್ರಜೆಗಳೇ ಅಲ್ಲ, ಪ್ರಾಂತ್ಯಗಳಲ್ಲಿ ಗುಲಾಮಗಿರಿ ತಡೆಯುವ ಅಧಿಕಾರ ಕಾಂಗ್ರೆಸ್‌ಗೂ ಇಲ್ಲ ಅಂದುಬಿಟ್ಟಿತು. 1861ರ ಜನವರಿ 29ಕ್ಕೆ ಕಾನ್ಸಾಸ್ ಸ್ವತಂತ್ರ ರಾಜ್ಯವಾಗಿ ಸೇರಿತು. ಏಪ್ರಿಲ್‌ನಲ್ಲಿ ಉತ್ತರ, ದಕ್ಷಿಣದ ನಡುವೆ ಯುದ್ಧ ಶುರುವಾಯಿತು. ಅದು ಎಲ್ಲರಿಗೂ ಗೊತ್ತಿರುವ ಭಾಗ.

ಗೊತ್ತಿಲ್ಲದ್ದು ನಿಕೊಡೆಮಸ್. ಗುಲಾಮಗಿರಿಯಿಂದ ಬಿಡುಗಡೆ ಆದ ಕೆಂಟಕಿಯ ಕುಟುಂಬಗಳು 1877ರಲ್ಲಿ ಅದೇ ಕಾನ್ಸಾಸ್‌ಗೆ ಬಂದು ಕಟ್ಟಿಕೊಂಡ ಊರು. ಬಂದಾಗ ಮರ ಇಲ್ಲ, ಮನೆ ಇಲ್ಲ. ದಿಬ್ಬದಲ್ಲಿ ಗುಂಡಿ ತೋಡಿ ಅದರಲ್ಲೇ ಸಂಸಾರ ಹೂಡಿದರು. ಮೊದಲ ಚಳಿಗಾಲದಲ್ಲಿ, ಬೇಟೆ ಮುಗಿಸಿ ಹೋಗುತ್ತಿದ್ದ ಒಸೇಜ್ ಜನ ಮಾಂಸ ಕೊಟ್ಟು ಉಳಿಸಿದರು ಅಂತ ಆ ಊರಿನವರು ಹೇಳಿಕೊಂಡು ಬಂದಿದ್ದಾರೆ. ಆಮೇಲೆ ಕಲ್ಲಿನ ಕಟ್ಟಡ ಎದ್ದವು, ಶಾಲೆ, ಚರ್ಚು, ಅಂಗಡಿ, ಪತ್ರಿಕೆ ಎಲ್ಲ ಆದವು. ಇನ್ನು ಬೇಕಿದ್ದದ್ದು ರೈಲು ಒಂದೇ. ಅದಕ್ಕೆ ಸಾಲ ಎತ್ತಿ ಹಣ ಕೊಡಲೂ ಊರು ಮತ ಹಾಕಿ ಒಪ್ಪಿಕೊಂಡಿತ್ತು.

1888ರಲ್ಲಿ ಹಳಿ ಬಂತು. ನಿಕೊಡೆಮಸ್ ಬಿಟ್ಟು, ಹೊಳೆಯ ಆಚೆ ದಡದಲ್ಲಿ. ಅಂಗಡಿಯವರು ಒಬ್ಬೊಬ್ಬರಾಗಿ ಗಂಟುಮೂಟೆ ಕಟ್ಟಿ ಆ ಕಡೆಗೆ ಹೊರಟರು.